ಗಾರೆ ಹಾಕದ ಜಾಗ

ಅಮ್ಮನ ಶವಪೆಟ್ಟಿಗೆಯನ್ನು ಹಗ್ಗ ಕಟ್ಟಿ ಗುಂಡಿಗೆ ಇಳಿಸುತ್ತಿರುವಾಗ ಮಗಳು, "ಇನ್ನೂ ಸ್ವಲ್ಪ ಗೋಡೆ ಕಡೆಗೆ" ಎಂದಳು.

"ಸಾಕು ಬಿಡೇ, ಈಗಲೇ ಗೋಡೆಗೆ ಅಂಟಿಕೊಂಡಿದೆ," ಎಂದರು ಸೋದರಮಾವ. "ಇಷ್ಟು ದೊಡ್ಡ ಜಾಗ ಬಿಟ್ಟು ಈ ಹಳೇ ಮರದ ಎದುರಿನ ಮೂಲೇನೇ ಬೇಕು ಅಂತ ಹಟ ಹಿಡಿದೆ. ಹೋಗ್ಲಿ ಅಂತ ಒಪ್ಪಿದೆ."

"ಅಮ್ಮನ ಆಸೆ, ಮಾವ."

ಮಾವ ಅಂದರೆ ಪಟ್ಟಣದ ದೊಡ್ಡ ಜವಳಿ ಅಂಗಡಿಯ ಯಜಮಾನರು, ಅಪ್ಪಟ ಬಿಳಿಯರು. ತಮ್ಮ ಅಕ್ಕ ಕರಿಯನೊಬ್ಬನ, ಗಾರೆ ಕೆಲಸದವನ ಕೈ ಹಿಡಿದು ಹೋದ ಮೇಲೆ ಒಂದು ಸಲವೂ ಅವಳ ಹೊಸ್ತಿಲು ತುಳಿದವರಲ್ಲ. ಬದುಕಿದ್ದಾಗ ಬೇಡವಾದ ಅಕ್ಕ ಸತ್ತ ಕೂಡಲೇ ಹೇಗೆ ಬೇಕಾದಳೋ! ಗೋಡೆಯ ಈ ಕಡೆ ಬಿಳಿಯರು, ಆ ಕಡೆ ಕರಿಯರು ಎಂದು ಸ್ಮಶಾನದ ಕಾನೂನು. ಹೆಣಕ್ಕೂ ಬಣ್ಣ ನೋಡುವ ದರಿದ್ರ ಕಾನೂನು. ಅಪ್ಪ ಆ ಕಡೆ ಮಲಗಿ ವರ್ಷಗಳಾಗಿದ್ದವು. ಅಮ್ಮ ಹಾಸಿಗೆ ಹಿಡಿದಾಗಿನಿಂದ ಮಗಳು ಅವಳಿಗೆ ಅವನ ಪಕ್ಕದಲ್ಲಿ ಜಾಗ ಕೇಳುತ್ತ ಕಚೇರಿಗಳಿಗೆ ಅಲೆದಿದ್ದಳು. ಯಾರೂ ಸೊಪ್ಪು ಹಾಕಲಿಲ್ಲ.

"ಇವತ್ತೊಂದು ದಿನ ನಿನ್ನನ್ನೂ ಈ ಕಡೆ ಬಿಡಿಸಿದ್ದೀನಿ," ಮಾವ ಮೆಲ್ಲಗೆ ಹೇಳಿದರು. "ಬೇಗ ಮಣ್ಣು ಹಾಕಿ ಹೊರಡು. ಇನ್ನಾದ್ರೂ ಅವಳು ನಮ್ಮವಳಾಗಿರ್ಲಿ."

ಮಗಳ ಮೈ ಉರಿಯಿತು. ಶಾಲನ್ನು ಬಿಗಿಯಾಗಿ ಹೊದ್ದುಕೊಂಡಳು. ಶಾಲಿನೊಳಗೆ ಅಪ್ಪನ ಸುತ್ತಿಗೆ ತಣ್ಣಗೆ ಎದೆಗೆ ಒತ್ತುತ್ತಿತ್ತು.

*

ಆ ಗೋಡೆ ಕಟ್ಟುವ ಕೆಲಸ ಅಪ್ಪನಿಗೇ ಬಂದಿತ್ತು. ಒಪ್ಪಿಕೊಂಡು ಮನೆಗೆ ಬಂದ ಸಂಜೆ ಅಮ್ಮ ಅವನಿಗೆ ಊಟ ಬಡಿಸಲಿಲ್ಲ.

"ಏನ್ರೀ, ನಿಮ್ಮ ಕೈಯಾರೆ ನಮ್ಮಿಬ್ಬರ ಮಧ್ಯೆ ಗೋಡೆ ಎಬ್ಬಿಸ್ತೀರಾ? ನಾಚಿಕೆ ಆಗಲ್ವಾ?"

"ನಾನು ಬಿಟ್ರೆ ಇನ್ನೊಬ್ಬ ಕಟ್ತಾನೆ ಕಣೇ. ಅವನು ಉದ್ದಕ್ಕೂ ಗಟ್ಟಿಯಾಗಿ ಗಾರೆ ಹಾಕ್ತಾನೆ."

"ನೀವು?"

"ನಾನು ಒಂದು ಕಡೆ ಹಾಕಲ್ಲ." ಅಪ್ಪ ನಕ್ಕ. "ಹಳೇ ಮರದ ಎದುರಿಗೆ, ಬಾಗಿಲಗಲ ಜಾಗ. ಒಳಗೆ ಬರೀ ಕಲ್ಲ ಮೇಲೆ ಕಲ್ಲು. ಹೊರಗೆ ಮಾತ್ರ ತೆಳ್ಳಗೆ ಬಳೀತೀನಿ, ಯಾರಪ್ಪನಿಗೂ ಗೊತ್ತಾಗಲ್ಲ. ನಾವಿಬ್ರೂ ಅಲ್ಲೇ ಮಲಗೋಣ, ನಾನು ಆ ಕಡೆ, ನೀನು ಈ ಕಡೆ. ಆಮೇಲೆ ಮೇಲಿನ ಕಲ್ಲು ಎಳೆದ್ರೆ ಸಾಕು."

ಅಮ್ಮ ಎದ್ದು ತಟ್ಟೆ ಇಟ್ಟಳು. ಮೂಲೆಯಲ್ಲಿ ಕೂತಿದ್ದ ಮಗಳಿಗೆ, "ಕೇಳಿಸ್ಕೊಂಡ್ಯಾ? ಮರೀಬೇಡ" ಎಂದಳು.

*

ಮಣ್ಣು ಮುಚ್ಚಿದ್ದಾಯಿತು. ಮಗಳು ಗೋಡೆಯ ಬಳಿ ಹೋಗಿ ಸುತ್ತಿಗೆ ಬೀಸಿದಳು. ಬಳಿದ ಗಾರೆ ಸಿಪ್ಪೆಯಂತೆ ಎದ್ದು ಬಂತು.

"ಏಯ್, ತಲೆ ಕೆಟ್ಟಿದೆಯೇನೇ?" ಮಾವ ಕೂಗಿದರು.

ಅವಳು ಕ್ಯಾರೇ ಅನ್ನಲಿಲ್ಲ. ಮೇಲಿನ ಕಲ್ಲು ಎಳೆದಳು. ಇನ್ನೊಂದಕ್ಕೆ ಕೈ ಹಾಕುವಷ್ಟರಲ್ಲಿ ಅದು ಆ ಕಡೆಗೆ ಸರಿಯಿತು. ಅಲ್ಲಿ ಕಪ್ಪು ಕೈಗಳು ಕಾದಿದ್ದವು. ಅಪ್ಪನ ಜೊತೆ ಕೆಲಸ ಮಾಡಿದವರು ಅವರು. ಈ ಕಡೆ ಬರಲು ಅಪ್ಪಣೆಯಿಲ್ಲದೆ ಬೆಳಗಿನಿಂದ ಗೋಡೆಯಾಚೆ ನಿಂತೇ ಅಮ್ಮನಿಗಾಗಿ ಅತ್ತವರು. ನೋಡನೋಡುತ್ತ ಬಾಗಿಲಗಲ ಗೋಡೆ ಇಲ್ಲವಾಯಿತು. ಅಮ್ಮನ ಹಸಿಮಣ್ಣಿನ ಪಕ್ಕದಲ್ಲೇ ಅಪ್ಪನ ಸಮಾಧಿ ಕಂಡಿತು.

"ನಾಳೆಯೇ ಇದನ್ನ ಕಟ್ಟಿಸ್ತೀನಿ!" ಮಾವ ಬಿದ್ದ ಕಲ್ಲುಗಳತ್ತ ಬೆರಳು ತೋರಿಸಿದರು. "ಒಳಗೂ ಗಾರೆ ಹಾಕಿಸಿ ಕಟ್ಟಿಸ್ತೀನಿ!"

"ಧಾರಾಳವಾಗಿ ಕಟ್ಟಿಸಿ, ಮಾವ." ಮಗಳು ಶಾಲಿಗೆ ಕೈ ಒರೆಸಿಕೊಂಡಳು. "ಈ ಪಟ್ಟಣದ ಗಾರೆ ಕೆಲಸದವರೆಲ್ಲ ಅಲ್ಲೇ ನಿಂತಿದ್ದಾರೆ. ಯಾರು ಬರ್ತಾರೋ ಕೇಳಿ ನೋಡಿ."

ಮಾವ ಆ ಕಡೆ ನೋಡಿದರು. ಎಲ್ಲರೂ ಕೈ ಕಟ್ಟಿ ನಿಂತರು. ಅಪ್ಪನ ಹಳೆಯ ಜೊತೆಗಾರ, ಬೆನ್ನು ಬಾಗಿದ ಮುದುಕ, ಅಗಲವಾದ ಒಂದು ಕಲ್ಲನ್ನು ಎರಡು ಸಮಾಧಿಗಳ ನಡುವೆ ಗೋಡೆಯಿದ್ದ ಜಾಗದಲ್ಲೇ ಮಲಗಿಸಿದ. ಅಲುಗಾಡದಂತೆ ಅದರ ಕೆಳಗೆ ಕಲ್ಲಿನ ಚೂರು ಸಿಕ್ಕಿಸಿ ಅದರ ಮೇಲೆ ಕೂತ.

"ಬಾ ಮಗಳೇ, ಸುಸ್ತಾಗಿರ್ತೀಯ," ಎಂದು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ.