ಮೈದಾನದ ಚಿತ್ರದಲ್ಲೊಂದು ಸೊನ್ನೆ

“ಭಾವ, ವರದಿ ಬರೀಲೇಬೇಕಾ?”

ರೆಫ್ರಿ ಮೈದಾನದ ಪಕ್ಕದ ಕೋಣೆಯಲ್ಲಿ ಬೂಟಿನ ಲೇಸು ಬಿಚ್ಚುತ್ತಿದ್ದ. ಕೇಳಿದವನು ಅವನ ಹೆಂಡತಿಯ ತಮ್ಮ. ಇಂದಿನ ಫುಟ್‌ಬಾಲ್ ಪಂದ್ಯಕ್ಕೆ ಲೈನ್ಸ್‌ಮನ್, ಉಳಿದ ದಿನಗಳಲ್ಲಿ ಡ್ರಾಯಿಂಗ್ ಮೇಷ್ಟ್ರು. ಅವನ ಶಾಲೆಗೂ ಇಂದು ಸೋತ ತಂಡಕ್ಕೂ ಒಬ್ಬನೇ ಅಧ್ಯಕ್ಷ. ಅಲ್ಲಿಗೆ ಮುಗಿಯಿತಲ್ಲ.

ನಡೆದದ್ದು ಇಷ್ಟು. ಎಂಬತ್ತೊಂದನೇ ನಿಮಿಷದಲ್ಲಿ, ಚೆಂಡು ಆಚೆ ತುದಿಗೆ ಹೋಗಿದ್ದಾಗ, ಆ ತಂಡದ ಕ್ಯಾಪ್ಟನ್ ಎದುರಾಳಿ ಗೋಲ್‌ಕೀಪರನ ಕಣ್ಣಿಗೆ ಮೊಣಕೈಯಿಂದ ಗುದ್ದಿದ. ರೆಫ್ರಿ ಚೆಂಡಿನ ಹಿಂದೆ ಓಡುತ್ತಿದ್ದ, ಬೆನ್ನಿಗೆ ಕಣ್ಣಿರುತ್ತದೆಯೇ? ಭಾವಮೈದುನನ ಬಾವುಟ ಮೇಲೆದ್ದಿತು. ಅವನ ಮಾತು ನಂಬಿ ರೆಫ್ರಿ ಕೆಂಪು ಕಾರ್ಡು ತೋರಿಸಿದ. ಗೋಲ್‌ಕೀಪರ್ ಈಗ ಆಸ್ಪತ್ರೆಯಲ್ಲಿದ್ದಾನೆ. ಕಣ್ಣು ಉಳಿಯುತ್ತದೋ ಇಲ್ಲವೋ, ಯಾರೂ ಬಾಯಿ ಬಿಡುತ್ತಿಲ್ಲ. ಆಟ ಮುಗಿದು ಅರ್ಧ ಗಂಟೆಯಾದರೂ ಹೊರಗೆ ಸೋತ ತಂಡದ ಕಡೆಯ ಜನ ಕದಲಿರಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿ; ಅವರು ಸುಮ್ಮನೆ ನಿಂತಿದ್ದರು.

ಬಾಗಿಲು ತಟ್ಟದೆ ಅಧ್ಯಕ್ಷ ಒಳಗೆ ಬಂದ. ನಗುಮುಖ.

“ನಿಮ್ಮ ಸ್ಕೂಟರ್ ಬಿಸಿಲಲ್ಲಿತ್ತು ಸಾರ್. ನಮ್ಮೋರು ನೆರಳಿಗೆ ಹಾಕಿದಾರೆ.” ಆಮೇಲೆ ಲೈನ್ಸ್‌ಮನ್ ಭುಜದ ಮೇಲೆ ಕೈಯಿಟ್ಟು, “ಏನ್ ಮೇಷ್ಟ್ರೇ, ಮಗು ಚೆನ್ನಾಗಿದೆಯಾ?” ಎಂದ. ಉತ್ತರಕ್ಕೆ ಕಾಯದೆ ಹೊರಟುಹೋದ.

ರೆಫ್ರಿ ಜೇಬು ಮುಟ್ಟಿ ನೋಡಿಕೊಂಡ. ಸ್ಕೂಟರಿನ ಕೀ ಅಲ್ಲೇ ಇತ್ತು.

“ಸರಿಯಾಗಿ ಕಾಣ್ಲಿಲ್ಲ ಅಂತ ಬರೆದುಬಿಡ್ತೀನಿ ಭಾವ.”

“ಕಂಡದ್ದನ್ನ ಬರಿ, ಕಾಣದ್ದನ್ನ ಬಿಡು ಅಂತ ನಿನಗೆ ಹೇಳಿಕೊಟ್ಟೋನೇ ನಾನು ಕಣೋ. ಇನ್ನು ನಿನ್ನಿಷ್ಟ.”

ವರದಿಗೊಂದು ಕಟ್ಟಳೆಯಿತ್ತು. ಕಾರ್ಡು ತೋರಿಸಿದವನು, ಬಾವುಟ ಎತ್ತಿದವನು ಒಂದೊಂದು ಮೂಲೆಯಲ್ಲಿ ಕೂತು ಬರೆಯಬೇಕು, ಒಬ್ಬರದನ್ನು ಇನ್ನೊಬ್ಬರು ನೋಡಕೂಡದು. ಕಾಗದದ ಕೆಳಗೆ ಮೈದಾನದ ಪುಟ್ಟ ಚಿತ್ರ. ಘಟನೆ ನಡೆದಲ್ಲಿ ಕತ್ತರಿ ಗುರುತು, ರೆಫ್ರಿ ಇದ್ದಲ್ಲಿ ಸೊನ್ನೆ ಹಾಕಬೇಕು. ಪಂದ್ಯದ ಉಸ್ತುವಾರಿಗೆ ಬಂದಿದ್ದ ಮುದುಕ ಅರಗು ಹಿಡಿದು ನಡುವೆ ಕೂತಿದ್ದ.

ರೆಫ್ರಿಗೆ ಅತ್ತ ದರಿ, ಇತ್ತ ಪುಲಿ. ಇಬ್ಬರೂ ಕಾಣಲಿಲ್ಲವೆಂದರೆ ಗುದ್ದಿದವನು ಮೀಸೆ ತಿರುವಿಕೊಂಡು ಹೋಗುತ್ತಾನೆ. ಮೈದುನ ಕಂಡೆನೆಂದರೆ ಅವನ ಕೆಲಸವಷ್ಟೇ ಅಲ್ಲ, ಮನೆಯ ನೆಮ್ಮದಿಯೂ ಹೋಗುತ್ತದೆ. ಇಪ್ಪತ್ತೆರಡು ವರ್ಷಗಳಲ್ಲಿ ತಾನು ಕಾಣದ್ದನ್ನು ರೆಫ್ರಿ ಒಂದು ಸಾಲೂ ಬರೆದವನಲ್ಲ. ಆ ಜಂಭ ಅವನಿಗಿತ್ತು. ಇವತ್ತು ಕತ್ತರಿ ಗುರುತಿನ ಮಗ್ಗುಲಲ್ಲೇ ಸೊನ್ನೆ ಹಾಕಿ, ‘ನಾನೇ ಕಣ್ಣಾರೆ ಕಂಡೆ’ ಎಂದು ಬರೆದ. ಬರೆಯುವುದು ಸಲೀಸಾಗಿತ್ತು. ಅದಕ್ಕೇ ಅವನಿಗೆ ಭಯವಾಯಿತು.

ಮುದುಕ ಎರಡೂ ಕಾಗದಗಳನ್ನು ಕವರಿಗೆ ಹಾಕಿ, ಅರಗಿನ ಮುದ್ರೆಯೊತ್ತಿ, ಹಿಂದಿನ ಗೇಟಿನಲ್ಲಿ ಜೀಪು ಹತ್ತಿದ.

ಜೀಪಿನ ಸದ್ದು ಅಡಗಿದ ಮೇಲೆ ರೆಫ್ರಿ ಮೆಲ್ಲಗೆ ಹೇಳಿದ. “ಹೆದರ್ಬೇಡ. ನಾನೇ ನೋಡಿದೆ ಅಂತ ಬರೆದಿದೀನಿ. ನಿನ್ನ ತಂಟೆಗೆ ಯಾರೂ ಬರಲ್ಲ.”

ಮೈದುನನ ಮುಖ ಬಿಳಿಚಿಕೊಂಡಿತು.

“ಅಯ್ಯೋ ಭಾವ. ನೀವು ಹಾಗಂದ ಮೇಲೆ ನನಗೆ ನಾಚಿಕೆ ಆಯ್ತು. ಕಂಡದ್ದೆಲ್ಲಾ ಬರೆದುಬಿಟ್ಟೆ.”

“ಸೊನ್ನೆ? ಸೊನ್ನೆ ಎಲ್ಲಿ ಹಾಕಿದೆ?”

“ನೀವಿದ್ದ ಕಡೇನೇ, ಆ ತುದೀಲಿ. ಬೆನ್ನು ಈ ಕಡೆ ಇತ್ತು ಅಂತ ಒಂದು ಬಾಣಾನೂ ಬರೆದೆ.”

ಡ್ರಾಯಿಂಗ್ ಮೇಷ್ಟ್ರು. ಅವನ ಅಳತೆ ಯಾವತ್ತೂ ತಪ್ಪಿದ್ದಿಲ್ಲ. ಎರಡು ಚಿತ್ರ ಪಕ್ಕಪಕ್ಕ ಇಟ್ಟರೆ ತನ್ನ ಸುಳ್ಳು ಬಯಲಾಗುತ್ತದೆಂದು ರೆಫ್ರಿಗೆ ಹೊಳೆಯಿತು. ಬೈಯಬೇಕೆನಿಸಲಿಲ್ಲ, ತಬ್ಬಿಕೊಳ್ಳಬೇಕೆನಿಸಿತು.

ಇಬ್ಬರೂ ಹೊರಗೆ ಬಂದರು. ಜನ ಸರಿದು ದಾರಿ ಬಿಟ್ಟರು. ಗೋಡೆಯ ನೆರಳಿನಲ್ಲಿ ಸ್ಕೂಟರ್ ನಿಂತಿತ್ತು. ಬೆಳಿಗ್ಗೆ ರೆಫ್ರಿ ಹಾಕಿದ್ದ ಹ್ಯಾಂಡಲ್ ಲಾಕ್ ಹಾಗೇ ಇತ್ತು; ಗಾಡಿಯನ್ನು ಹೊತ್ತೇ ತಂದಿದ್ದರು. ಸೀಟನ್ನು ಯಾರೋ ಈಗಷ್ಟೇ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು.