ಬ್ಯಾಟರಿ ಕೊನೆಗೆ

ಮೂರನೆಯ ರೊಟ್ಟಿ ಬಡಿಯುತ್ತಿದ್ದಾಗ ಫೋನು ಗುರುಗುಟ್ಟಿತು. ಕೈಯೆಲ್ಲ ಜೋಳದ ಹಿಟ್ಟು. ಮೊಣಕೈಯಿಂದಲೇ ಅದನ್ನು ಹತ್ತಿರ ಎಳೆದುಕೊಂಡು ಓದಿದೆ. ಮಗಳ ಶಾಲೆಯ ಸ್ಕೌಟ್ಸ್ ಮತ್ತು ಗೈಡ್ಸ್ ಪೋಷಕರ ಗುಂಪಿನಲ್ಲಿ, ಕ್ಯಾಂಪ್ ನೋಡಿಕೊಳ್ಳುವ ನಂದಕುಮಾರ್ ಸರ್ ಬರೆದಿದ್ದರು: "ಏಳನೇ ತರಗತಿಯ ಪ್ರತಿಭಾಳ ಅಜಾಗರೂಕತೆಯಿಂದ ಸೋಲಾರ್ ಸೆಟ್ ಸುಟ್ಟುಹೋಗಿದೆ. ಶುಕ್ರವಾರದ ಕ್ಯಾಂಪಿಗೆ ಅವಳ ಬದಲು ಬೇರೆ ವಿದ್ಯಾರ್ಥಿ ಬರುತ್ತಾರೆ. ಪೋಷಕರು ಮಕ್ಕಳ ಕೈಯಲ್ಲಿ ಕೌದಿ, ಕಂಬಳಿ ಇತ್ಯಾದಿ ಕಳಿಸಬಾರದು."

ಅದರ ಕೆಳಗೆ ಯಾರೋ ನಗುವ ಚಿತ್ರ ಹಾಕಿದ್ದರು. ಹೆಂಚಿನ ಮೇಲಿದ್ದ ರೊಟ್ಟಿ ಕರಕಾಯಿತು. ಗ್ಯಾಸ್ ಆರಿಸಿದೆ.

ಪ್ರತಿಭಾ ಬಾಚಣಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನನ್ನ ಮುಖ ನೋಡಿದಳು, ಫೋನು ನೋಡಿದಳು, ತಲೆ ತಗ್ಗಿಸಿದಳು. ಶನಿವಾರ ಸಂಜೆಯಿಂದಲೂ ಅವಳು ಮಂಕಾಗಿಯೇ ಇದ್ದಳು. ಕ್ಯಾಂಪಿನ ತಾಲೀಮಿನ ಆಯಾಸ ಇರಬೇಕೆಂದುಕೊಂಡು ನಾನು ಸುಮ್ಮನಿದ್ದೆ. ತಪ್ಪು ನನ್ನದೇ.

ಈ ಕ್ಯಾಂಪಿಗಾಗಿ ಅವಳು ಜೂನ್ ತಿಂಗಳಿಂದ ಕಾದಿದ್ದಳು. ಸೋಲದೇವನಹಳ್ಳಿಯ ಆಚೆ ಒಂದು ತೋಪು, ಎರಡು ರಾತ್ರಿ, ಐದು ಡೇರೆ. ಅಲ್ಲಿ ಕರೆಂಟಿಲ್ಲ. ಮಡಚುವ ಎರಡು ಪ್ಯಾನೆಲ್, ಒಂದು ಬ್ಯಾಟರಿ, ನಾಲ್ಕು ಬಲ್ಬು, ಮತ್ತು ಪ್ಯಾನೆಲ್ಲಿನ ಕರೆಂಟನ್ನು ಹದಮಾಡಿ ಬ್ಯಾಟರಿಗೆ ತುಂಬುವ ಅಂಗೈಯಗಲದ ಡಬ್ಬಿ, ಇಷ್ಟೇ ಬೆಳಕಿನ ವ್ಯವಸ್ಥೆ. ಅದನ್ನು ಜೋಡಿಸಿ ಬಿಚ್ಚುವ ಜವಾಬ್ದಾರಿ ಈ ಸಲ ಪ್ರತಿಭಾಳದು. ಹಿಂದೆಲ್ಲ ಹುಡುಗರೇ ಮಾಡುತ್ತಿದ್ದರಂತೆ. ಅವಳಿಗೆ ಕೆಲಸ ಕಲಿಸಿದವಳು ನಾನು. ಮದುವೆಗೆ ಮುಂಚೆ ನಾಲ್ಕು ವರ್ಷ ಹುಬ್ಬಳ್ಳಿಯಲ್ಲಿ ಸೋಲಾರ್ ದೀಪ ಜೋಡಿಸುವ ಒಂದು ಘಟಕದಲ್ಲಿ ದುಡಿದವಳು.

ಅಲ್ಲಿ ಪ್ಯಾನೆಲ್ ಪರೀಕ್ಷಿಸುವ ಅಂಗಳಕ್ಕೆ ನಾವು ಹೆಂಗಸರೆಲ್ಲ ಮನೆಯಿಂದ ಒಂದೊಂದು ಕೌದಿ ಒಯ್ಯುತ್ತಿದ್ದೆವು. ಪ್ಯಾನೆಲ್ಲಿಗೆ ಸ್ವಿಚ್ ಇಲ್ಲ. ಬಿಸಿಲಿರುವವರೆಗೂ ಅದು ಕರೆಂಟು ಕೊಡುತ್ತಲೇ ಇರುತ್ತದೆ. ಹಾಗೇ ವೈರು ಎಳೆದರೆ ತುದಿಯಲ್ಲಿ ಕಿಡಿ ಹಾರುತ್ತದೆ. ಒಂದು ಪದರದ ಸೀರೆ ಹೊದಿಸಿದರೆ ಬೆಳಕು ಸೋಸಿಕೊಂಡು ಒಳಗೆ ಹೋಗುತ್ತದೆ. ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ಕೌದಿ ಹಾಕಿದರೆ ಮಾತ್ರ ಅದು ಮಲಗುತ್ತದೆ. ಬಿಚ್ಚುವ ಕ್ರಮ ಪ್ರತಿಭಾಳಿಗೆ ಬಾಯಿಪಾಠ: ಬಲ್ಬು ಆರಿಸು, ಕೌದಿ ಹೊದಿಸು, ಪ್ಯಾನೆಲ್ ವೈರು ಬಿಚ್ಚು, ಬ್ಯಾಟರಿ ಕೊನೆಗೆ. ಮೊದಲ ದಿನ ಅವಳು ಶಾಲೆಯ ಮಹಡಿಯಲ್ಲಿ ಕೌದಿ ಹೊದಿಸಿದಾಗ ನಂದಕುಮಾರ್ ಸರ್, ಪ್ಯಾನೆಲ್ಲಿಗೆ ಜ್ವರ ಬಂದಿದ್ಯೇನಮ್ಮ, ಕಷಾಯ ಕುಡಿಸ್ಬೇಕಾ ಎಂದು ಕೇಳಿದ್ದರಂತೆ. ಮನೆಗೆ ಬಂದು ಅವಳೇ ನಗುತ್ತ ಹೇಳಿದ್ದಳು.

ಕೈ ತೊಳೆದು ಅವಳನ್ನು ಎದುರಿಗೆ ಕೂರಿಸಿಕೊಂಡು ಜಡೆ ಹಾಕತೊಡಗಿದೆ. ಬೆನ್ನು ತಿರುಗಿಸಿ ಕೂತಾಗ ಅವಳಿಗೆ ಮಾತು ಸುಲಭ. ಎರಡನೆಯ ಜಡೆ ಅರ್ಧಕ್ಕೆ ಬರುವಷ್ಟರಲ್ಲಿ ಒಂದೊಂದೇ ಹೊರಬಂತು. ಶನಿವಾರ ಬೆಳಿಗ್ಗೆ ತಾಲೀಮು ಸರಿಯಾಗಿಯೇ ಆಯಿತಂತೆ. ಮಧ್ಯಾಹ್ನ ಬ್ಯಾಟರಿ ತುಂಬಲೆಂದು ಎಲ್ಲ ಜೋಡಿಸಿ, ಕೌದಿ ಮಡಚಿ ಪಕ್ಕಕ್ಕಿಟ್ಟು ಅವಳು ಊಟಕ್ಕೆ ಇಳಿದಳು. ಆಗ ಶಾಲೆಯ ಕರೆಂಟು ಹೋಯಿತು. ಅವಳು ಮಹಡಿಗೆ ತಿರುಗಿ ಬಂದಾಗ ಡಬ್ಬಿಯಿಂದ ಸುಟ್ಟ ವಾಸನೆ, ನಾಲ್ಕೂ ಬಲ್ಬು ಕಪ್ಪು. ಬ್ಯಾಟರಿ ಮಹಡಿಯಲ್ಲಿ ಇರಲೇ ಇಲ್ಲ. ಕೆಳಗೆ ಮೈಕಿನ ಮೇಜಿನಡಿ ಇತ್ತು, ಅದಕ್ಕೇ ವೈರು ಸಿಕ್ಕಿಸಿ ಸರ್ ಮೈಕಿನಲ್ಲಿ ಮಾತಾಡುತ್ತಿದ್ದರು.

"ಯಾಕ ಕೇಳಲಿಲ್ಲ ಸರ್‌ನ?"

"ಸರ್‌ನ ಹೆಂಗ ಕೇಳ್ಲಿ ಅವ್ವ? ಎಲ್ಲಾರ ಮುಂದ ಅವ್ರ ಬೈದ್ರು. ಕೌದಿ ಹೊಚ್ಚಿ ಕಾವು ಕೂಡಿಸಿ ಸುಟ್ಟೀ ಅಂದ್ರು."

ರಿಬ್ಬನ್ ಕಟ್ಟಿದೆ. ಗಂಟನ್ನು ಎರಡು ಸಲ ಬಿಗಿದೆ.

"ಹೆಂಗ ಸುಟ್ಟೈತಿ ಅನ್ನೋದನ್ನ ನಾ ತೋರಿಸ್ತೀನಿ," ಎಂದೆ. "ಯಾರು ಸುಟ್ರು ಅನ್ನೋದು ನೀ ಕೇಳಬೇಕಾದ ಮಾತು. ಬಾಯಿ ಬರಲಿಲ್ಲಂದ್ರ ಬಿಡು, ಬೈಯಂಗಿಲ್ಲ. ನಾ ಬಾಜೂಕ ನಿಂತಿರ್ತೀನಿ."

ಅವಳು ರಿಬ್ಬನ್ನಿನ ಗಂಟು ಮುಟ್ಟಿ ನೋಡಿಕೊಂಡಳು. ಚೀಲ ಹಾಕಿಕೊಂಡು ಹೋದಳು.

ಗುಂಪಿನಲ್ಲಿ ಬರೆದೆ: "ಪ್ರತಿಭಾ ಕ್ಯಾಂಪಿಗೆ ಬರುತ್ತಾಳೆ. ಇವತ್ತು ಹನ್ನೊಂದಕ್ಕೆ ನಾನು ಶಾಲೆಗೆ ಬರುತ್ತೇನೆ. ಕೌದಿಯನ್ನೂ ತರುತ್ತೇನೆ."

ಐದು ನಿಮಿಷಕ್ಕೆ ಕಾರ್ಖಾನೆಯಿಂದ ನನ್ನ ಯಜಮಾನರು ಕಾಶಿನಾಥ ಫೋನು ಮಾಡಿದರು. ಸರ್‌ಗಳ ಎದುರು ನಿಲ್ಲಬೇಡ, ಅವಳು ಇನ್ನೂ ಮೂರು ವರ್ಷ ಅಲ್ಲೇ ಓದಬೇಕು, ಒಂದು ಕ್ಷಮೆ ಕೇಳಿ ಮುಗಿಸು ಎಂದರು. ಅವರ ಮಾತಿನಲ್ಲಿ ಭಯವಿತ್ತು, ಕೆಟ್ಟತನವಲ್ಲ. ಮೂರು ವರ್ಷ ಓದಬೇಕು ಅಂತಲೇ ಹೋಗುತ್ತಿದ್ದೇನೆ ಎಂದು ಹೇಳಿ ಉಳಿದ ರೊಟ್ಟಿ ಬಡಿದೆ, ಬಟ್ಟೆ ಒಣಹಾಕಿದೆ, ವೋಲ್ಟ್ ಅಳೆಯುವ ನನ್ನ ಹಳೆಯ ಮೀಟರಿಗೆ ಹೊಸ ಸೆಲ್ ಹಾಕಿದೆ.

ಅಬ್ಬಿಗೆರೆಯ ಮುಖ್ಯರಸ್ತೆಯಲ್ಲಿ ಕೌದಿಯನ್ನು ಹೆಗಲ ಮೇಲೆ ಹಾಕಿಕೊಂಡು ನಡೆದೆ. ಚೀಲದಲ್ಲಿ ಹಿಡಿಸುತ್ತಿತ್ತು, ಆದರೆ ಮುಚ್ಚಿಟ್ಟು ಒಯ್ಯುವ ಮನಸ್ಸಾಗಲಿಲ್ಲ. ಹಾಲಿನ ಅಂಗಡಿಯ ಗೋಪಾಲಮ್ಮ, "ಏನಮ್ಮೋ, ಈ ಬಿಸ್ಲಲ್ಲಿ ಯಾರ್ಗೆ ಹೊದಿಸೋಕೆ ಹೊಂಟೆ?" ಎಂದು ಕೂಗಿದರು. ಸೂರ್ಯನಿಗೆ ಎಂದೆ.

ಮುಖ್ಯೋಪಾಧ್ಯಾಯಿನಿ ಸರಳಾ ಮೇಡಂ ಗುಂಪಿನಲ್ಲಿ ನಾನು ಬರೆದದ್ದನ್ನು ಓದಿದ್ದರು. ಮಾತು ಕಡಿಮೆ, ಕಿವಿ ತೆರೆದಿರುವ ಹೆಂಗಸು. ಪ್ರತಿಭಾಳನ್ನು ತರಗತಿಯಿಂದ ಕರೆಸಿ, ನಮ್ಮೆಲ್ಲರನ್ನೂ ಮಹಡಿಗೆ ಕರೆದೊಯ್ದರು. ನಂದಕುಮಾರ್ ಸರ್ ಗಡಿಯಾರ ನೋಡುತ್ತ ಹಿಂದೆ ಬಂದರು. ಪ್ಯಾನೆಲ್ಲುಗಳು ಗೋಡೆಗೆ ಒರಗಿದ್ದವು. ಒಂದನ್ನು ಬಿಸಿಲಿಗೆ ಬಿಡಿಸಿಟ್ಟು ಮೀಟರು ಹಚ್ಚಿದೆ. ಇಪ್ಪತ್ತೊಂದು ವೋಲ್ಟ್ ತೋರಿಸಿತು. ಸುಟ್ಟ ಬಲ್ಬು ಎತ್ತಿ ಮೇಡಂ ಕೈಗೆ ಕೊಟ್ಟೆ. ಅದರ ಮೇಲೆ ಹನ್ನೆರಡು ವೋಲ್ಟ್ ಎಂದು ಬರೆದಿತ್ತು.

ಪ್ರತಿಭಾಳಿಗೆ ಕೌದಿ ಕೊಟ್ಟೆ. ಅವಳು ಅಂಚು ನೆಲಕ್ಕೆ ತಾಗುವ ಹಾಗೆ ಎರಡು ಮಡಿಕೆ ಮಾಡಿ ಹೊದಿಸಿದಳು. ಮೀಟರಿನ ಅಂಕಿ ಇಳಿಯುತ್ತ ಹೋಗಿ ಎರಡರ ಹತ್ತಿರ ನಿಂತಿತು.

"ಹೊದಿಸಿದ ಪ್ಯಾನೆಲ್ ಒಂದು ಬಲ್ಬೂ ಹಚ್ಚೂದಿಲ್ರಿ ಮೇಡಂ," ಎಂದೆ. "ಡಬ್ಬಿ ಸುಡೋದು ದೂರದ ಮಾತು."

ಸರ್ ನಕ್ಕರು. "ನೋಡಮ್ಮಾ, ನಾನು ಹನ್ನೆರಡು ವರ್ಷದಿಂದ ಕ್ಯಾಂಪ್ ಮಾಡ್ತಿದೀನಿ. ಬೈಕ್ ಇರ್ಲಿ, ಯುಪಿಎಸ್ ಇರ್ಲಿ, ಬ್ಯಾಟ್ರಿ ಬಿಚ್ಬಿಟ್ರೆ ಎಲ್ಲಾ ಸೇಫ್. ಅಷ್ಟು ಗೊತ್ತಿಲ್ದೆ ಇರ್ತೀನಾ? ಇದನ್ನೆಲ್ಲ ತೆಗೀರಿ, ಮಕ್ಳು ಕ್ಲಾಸ್ ಬಿಟ್ಟು ನೋಡ್ತಿದಾರೆ."

ಅವರು ಬಗ್ಗಿ ಕೌದಿಯ ತುದಿ ಹಿಡಿದರು. ನಾನು ಅದರ ಮೇಲೆ ಕೈಯಿಟ್ಟೆ.

"ಬಿಡ್ರಿ ಸರ್. ವೈರು ಇನ್ನೂ ಬಿಚ್ಚಿಲ್ಲ."

ಅಷ್ಟು ಮೆಲ್ಲಗೆ ಹೇಳಿದೆ, ಆದರೂ ಅವರು ಕೈ ತೆಗೆದರು. ಪ್ರತಿಭಾಳಿಗೆ ಸನ್ನೆ ಮಾಡಿದೆ. ಅವಳು ಮೀಟರು ತೆಗೆದು, ಎರಡು ವೈರಿನ ತುದಿಗಳು ಒಂದಕ್ಕೊಂದು ತಾಗದಂತೆ ದೂರದೂರ ಮಡಚಿ, ಪ್ಯಾನೆಲ್ಲನ್ನು ಮುಚ್ಚಿದಳು. ಗಡಿಬಿಡಿ ಮಾಡಲಿಲ್ಲ.

ಆಮೇಲೆ ಮೇಡಂ ಕಡೆ ತಿರುಗಿದೆ. ಬೈಕಿನಲ್ಲಿ ಕರೆಂಟು ಬರುವುದು ಬ್ಯಾಟರಿಯಿಂದ, ಅದನ್ನು ಬಿಚ್ಚಿದರೆ ಮುಗಿಯಿತು. ಇಲ್ಲಿ ಬರುವುದು ಮೇಲಿನಿಂದ, ಬ್ಯಾಟರಿ ಬರೀ ತೊಟ್ಟಿ. ಬೋರಿನ ಮೋಟರು ಓಡುತ್ತಿರುವಾಗ ತೊಟ್ಟಿಯನ್ನೇ ತೆಗೆದುಬಿಟ್ಟರೆ ನೀರು ಎಲ್ಲಿಗೆ ಹೋಗಬೇಕು? ಆ ಇಪ್ಪತ್ತೊಂದು ವೋಲ್ಟೂ ಡಬ್ಬಿಗೆ ನುಗ್ಗಿ, ಹನ್ನೆರಡರ ಬಲ್ಬುಗಳನ್ನು ಸುಟ್ಟಿದೆ. ಸುಡು ಬಿಸಿಲಿನಲ್ಲಿ, ಪ್ಯಾನೆಲ್ ತೆರೆದಿರುವಾಗ, ಯಾರೋ ಬ್ಯಾಟರಿಯನ್ನು ಮೊದಲು ಬಿಚ್ಚಿದ್ದಾರೆ. ಇಷ್ಟು ಹೇಳಿ ನಿಲ್ಲಿಸಿದೆ.

ಮೇಡಂ ಬಲ್ಬನ್ನು ಬೆಳಕಿಗೆ ಹಿಡಿದು ನೋಡಿದರು. "ಯಾರು ಬಿಚ್ಚಿದ್ದು?"

ನನಗೆ ಗೊತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಹನ್ನೆರಡು ವರ್ಷದ ಮಗಳ ಪರವಾಗಿ ಆಡಿಬಿಡುವುದು ಎಷ್ಟು ಸುಲಭ ಅನ್ನಿಸಿತು. ಹಲ್ಲು ಕಚ್ಚಿ ಮೀಟರಿನ ವೈರು ಸುತ್ತತೊಡಗಿದೆ.

ನಂದಕುಮಾರ್ ಸರ್ ದನಿ ಏರಿತು. "ಮಕ್ಳೇ ಯಾರೋ ಬಿಚ್ಚಿರ್ತಾರೆ ಮೇಡಂ. ಸೆಟ್ ಬಿಟ್ಟು ಊಟಕ್ಕೆ ಹೋಗಿದ್ದು ಇವಳೇ ತಾನೆ? ಜವಾಬ್ದಾರಿ ಇವಳದ್ದೇ. ಕ್ಯಾಂಪ್ ವಿಷ್ಯ ಆಯ್ತು, ಮುಗೀತು. ನಡೀಮ್ಮ ಕ್ಲಾಸಿಗೆ."

ಪ್ರತಿಭಾ ಮೆಟ್ಟಿಲ ಕಡೆ ಎರಡು ಹೆಜ್ಜೆ ಹಾಕಿದಳು. ನಾನು ತಡೆಯಲಿಲ್ಲ. ಕೆಳಗೆ ಯಾವುದೋ ತರಗತಿಯಲ್ಲಿ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಅವಳು ನಿಂತಳು. ತಿರುಗಿದಳು. ನನ್ನನ್ನು ನೋಡಲಿಲ್ಲ, ನೇರ ಅವರನ್ನೇ ನೋಡಿದಳು. ಶಾಲೆಯಲ್ಲಿ ಆಡುವ ಬೆಂಗಳೂರಿನ ಮಾತಿನಲ್ಲಿ, ಸ್ವಲ್ಪ ತೊದಲಿ, ಆಮೇಲೆ ಗಟ್ಟಿಯಾಗಿ ಕೇಳಿದಳು:

"ಸರ್, ಶನಿವಾರ ಮೈಕ್‌ಗೆ ಅಂತ ಬ್ಯಾಟ್ರಿ ತಗೊಂಡ್ ಹೋದ್ರಲ್ಲ, ಅದಕ್ಕೆ ಮುಂಚೆ ಪ್ಯಾನೆಲ್ ವೈರ್ ಬಿಚ್ಚಿದ್ರಾ?"