ಎಡೆ ಇಡದ ತಂಬಿಟ್ಟು

“ಹೊತ್ತಿನ್ನೂ ನೆತ್ತಿಗೆ ಬಂದಿಲ್ಲ ಕಣೇ. ಅಲ್ನೋಡು, ಕಂಬದ ನೆಳ್ಳು,” ಎಂದಳು ಚಿಕ್ಕಹನುಮಕ್ಕ.

ಅವಳ ಕೈಯಲ್ಲಿ ಹಿತ್ತಾಳೆ ತಟ್ಟೆಯಿತ್ತು. ತಟ್ಟೆಯಲ್ಲಿ ಐದು ತಂಬಿಟ್ಟು. ಜಗಲಿಯ ಮೇಲೆ ಬಿಳಿ ಸೀರೆಯುಟ್ಟು ಚಾಪೆ ಹಾಸಿಕೊಂಡು ಕೂತಿದ್ದ ಸೊಸೆ ಪುಟ್ಟಕ್ಕ ಅಂಗಳದ ಕಂಬದ ಕಡೆ ತಿರುಗಲಿಲ್ಲ. ಮಗ್ಗುಲಲ್ಲಿದ್ದ ಮೊಬೈಲು ಎತ್ತಿ ನೋಡಿದಳು. ಹನ್ನೆರಡು ದಾಟಿ ಹನ್ನೊಂದು ನಿಮಿಷವಾಗಿತ್ತು.

ಅವತ್ತು ಆಷಾಢ ಹುಣ್ಣಿಮೆ. ಬೌದ್ಧ ದೀಕ್ಷೆ ತಗೊಂಡ ಮೇಲಿನ ಹನ್ನೊಂದು ವರ್ಷದಲ್ಲಿ ಪುಟ್ಟಕ್ಕ ಒಂದು ಹುಣ್ಣಿಮೆಯನ್ನೂ ಬಿಟ್ಟವಳಲ್ಲ. ಆ ದಿನ ಎಂಟು ಶೀಲದ ನೇಮ. ಮಧ್ಯಾಹ್ನ ಕಳೆದ ಮೇಲೆ ಮಾರನೆ ದಿನ ಬೆಳಗಾಗುವ ತನಕ ಒಂದು ಅಗುಳು ಬಾಯಿಗೆ ಹಾಕುವಂತಿಲ್ಲ, ಹೂ ಮುಡಿಯುವಂತಿಲ್ಲ, ಮಂಚದ ಮೇಲೆ ಮಲಗುವಂತಿಲ್ಲ. ಸಾಮಾನ್ಯವಾಗಿ ಬೆಳಗಿನ ಬರಗೂರು ಬಸ್ಸಿಗೆ ಸಿರಾಕ್ಕೆ ಹೋಗಿ, ಅಲ್ಲಿನ ಬಾಡಿಗೆ ಹಾಲಿನಲ್ಲಿ ಹತ್ತಿಪ್ಪತ್ತು ಮಂದಿಯ ಜೊತೆ ವಂದನೆ ಮಾಡಿ, ಸಂಜೆ ಬರುತ್ತಿದ್ದಳು. ಈ ಸಲ ಅತ್ತೆಗೆ ಎಂಟು ದಿನದಿಂದ ಕೆಮ್ಮು, ಕಾಲುಬಾವು. ಬಿಟ್ಟು ಹೋಗಲು ಮನಸ್ಸಾಗದೆ ಕೋಳಿ ಕೂಗುವ ಹೊತ್ತಿಗೆ ಎದ್ದು, ಬುದ್ಧನ ಪಟದ ಮುಂದೆ ಒಬ್ಬಳೇ ಕೂತು ಶೀಲ ಹೇಳಿಕೊಂಡಿದ್ದಳು.

“ಹನ್ನೆರಡು ದಾಟೋಯ್ತು ಅತ್ತೆ,” ಎಂದಳು.

ಮುದುಕಿ ತಟ್ಟೆ ಇಳಿಸಲಿಲ್ಲ. ಯಾರಾದರೂ ಕೇಳಿಸಿಕೊಂಡಾರೆಂಬಂತೆ ದನಿ ತಗ್ಗಿಸಿ, “ಎಡೆ ಇಕ್ಕಿಲ್ಲ. ಮಾರಮ್ಮುನ್ಗೆ ತೋರ್ಸೂ ಇಲ್ಲ. ನಿಂಗೇ ಅಂತ ಮಾಡಿದ್ದು,” ಎಂದಳು.

ಎಂಬತ್ತು ದಾಟಿದ ಈ ಹೆಂಗಸು ಹುಟ್ಟಿದಾಗಿನಿಂದ ದೇವರಿಗೆ ತೋರಿಸದೆ ತಂಬಿಟ್ಟು ಕಟ್ಟಿದವಳಲ್ಲ. ಹೊಸ ಬೆಲ್ಲ ಮನೆಗೆ ಬಂದರೆ ಮೊದಲ ಚೂರು ಮಾರಮ್ಮನಿಗೇ ಹೋಗಬೇಕು.

ಇಬ್ಬರ ನಡುವಿನ ಕಂದಕಕ್ಕೂ ತಂಬಿಟ್ಟೇ ಕಾರಣವಾಗಿತ್ತು. ದೀಕ್ಷೆಯಾದ ವರ್ಷ ಮಾರಮ್ಮನ ಆರತಿ ಮುಗಿಸಿ ಬಂದ ಅತ್ತೆ, ಕೇರಿಯ ಹೆಂಗಸರ ಎದುರಿಗೇ ಸೊಸೆಯ ಅಂಗೈಗೆ ತಂಬಿಟ್ಟು ಇಟ್ಟಿದ್ದಳು. ದೇವರಿಗೆ ಎಡೆ ಇಟ್ಟದ್ದನ್ನು ತಿನ್ನುವುದಿಲ್ಲವೆಂದು ಪುಟ್ಟಕ್ಕ ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡಿದ್ದಳು. ಬೇಡವೆನ್ನಲು ಬಾಯಿ ಬಾರದೆ ತಿಂದವಳ ಹಾಗೆ ದವಡೆ ಆಡಿಸಿ, ಅದನ್ನು ಸೆರಗಿನಲ್ಲಿ ಮರೆಮಾಡಿ, ಹಿತ್ತಲ ತಿಪ್ಪೆಗೆ ಎಸೆದು ಬಂದಳು. ಕೋಳಿಗಳು ಕುಕ್ಕುತ್ತಿದ್ದುದು ಅತ್ತೆಯ ಕಣ್ಣಿಗೆ ಬಿತ್ತು. “ಬಾಯಿ ತೆಗ್ದು ತೋರ್ಸು,” ಎಂದಳು. ಅಷ್ಟೂ ಜನರ ಮುಂದೆ ಪುಟ್ಟಕ್ಕ ಬಾಯಿ ತೆಗೆದಳು. ಒಂದು ಕಾಳೂ ಇರಲಿಲ್ಲ.

ಚಿಕ್ಕಹನುಮಕ್ಕ ಬೈಯಲಿಲ್ಲ. ಮಾರನೆ ದಿನ ಹಿತ್ತಲ ಚಪ್ಪರದಲ್ಲಿ ಮೂರು ಕಲ್ಲಿಟ್ಟು ಬೇರೆ ಒಲೆ ಹೂಡಿದಳು. ಅಂದಿನಿಂದ ಸೊಸೆ ಮಾಡಿದ್ದನ್ನು ಅವಳು ಉಣ್ಣಲಿಲ್ಲ. ಮಗ ಓಬಳರಾಜು ಸಿರಾದ ಕಡ್ಲೆಕಾಯಿ ಮಿಲ್ಲಿನಿಂದ ಬಂದು ಎರಡೂ ಒಲೆಯಲ್ಲಿ ಉಂಡು, “ಅಮ್ಮುನ್ಗೆ ಮಾರಮ್ಮ, ಹೆಂಡ್ರಿಗೆ ಬುದ್ಧ, ನಂಗೆ ಎಲ್ಡು ಮುದ್ದೆ,” ಎಂದು ಸ್ನೇಹಿತರ ಹತ್ತಿರ ತಮಾಷೆ ಮಾಡುತ್ತಿದ್ದ.

ಈಗ ಎಂಟು ದಿನದಿಂದ ಪುಟ್ಟಕ್ಕನೇ ಅತ್ತೆಯ ಬೆನ್ನು ತಿಕ್ಕಿ, ಕಾಲಿಗೆ ಬಿಸಿನೀರಿನ ಶಾಖ ಕೊಟ್ಟು, ಕಫದ ಬೋಗುಣಿ ತೊಳೆದಿದ್ದಳು. ಅದರ ಬಗ್ಗೆ ಇಬ್ಬರೂ ಮಾತಾಡಿರಲಿಲ್ಲ. ಇವತ್ತು ಕತ್ತಲಿರುವಾಗಲೇ ಮುದುಕಿ ಅಕ್ಕಿ ಹುರಿದ ವಾಸನೆ ಬಂದಿತ್ತು. ಆಮೇಲೆ ಒರಳಿನ ಸದ್ದು. ಕುಟ್ಟುವುದು, ನಿಲ್ಲಿಸಿ ಕೆಮ್ಮುವುದು, ಮತ್ತೆ ಕುಟ್ಟುವುದು. ನಾನು ಕುಟ್ಟಿಕೊಡಲಾ ಎಂದು ಪುಟ್ಟಕ್ಕ ಚಪ್ಪರದ ತನಕ ಹೋದರೆ ಕೈಯಾಡಿಸಿ ಕಳಿಸಿಬಿಟ್ಟಿದ್ದಳು. ಹುಣ್ಣಿಮೆ ಪೂಜೆಗೆ ಇರಬೇಕೆಂದುಕೊಂಡು ಪುಟ್ಟಕ್ಕ ಹನ್ನೊಂದಕ್ಕೆ ತನ್ನ ಊಟ ಮುಗಿಸಿ ಬಂದು ಕೂತಿದ್ದಳು.

ತಟ್ಟೆ ಹಿಡಿದ ಬೆರಳುಗಳು ಬೆಲ್ಲದ ಪಾಕ ತಾಗಿ ಕೆಂಪಗಾಗಿದ್ದವು. ಹುಣ್ಣಿಮೆಯ ದಿನ ಸೊಸೆ ಹೊತ್ತು ನೆತ್ತಿಗೆ ಬರುವುದರೊಳಗೆ ಉಣ್ಣುತ್ತಾಳೆಂಬುದು ಮುದುಕಿಗೆ ಗೊತ್ತಿತ್ತು. ಯಾರೂ ಹೇಳಿಕೊಟ್ಟಿರಲಿಲ್ಲ, ಹನ್ನೊಂದು ವರ್ಷದಲ್ಲಿ ಸೊಸೆ ಬಸ್ಸು ತಪ್ಪಿ ಮನೆಯಲ್ಲೇ ಉಳಿದ ಹುಣ್ಣಿಮೆಗಳಲ್ಲಿ ಹಿತ್ತಲಿನಿಂದ ನೋಡಿ ತಿಳಿದದ್ದು. ಬಟ್ಟೆ ಒಣಹಾಕುವ ತಂತಿ ಬಿಗಿದ, ಚಪ್ಪರಕ್ಕೂ ಕಾಣುವ ಆ ಕಲ್ಲುಕಂಬವೇ ಅವಳ ಗಡಿಯಾರ. ಅದನ್ನು ನೋಡಿಕೊಂಡೇ ಅವಳು ಬೆಳಗಿನಿಂದ ಕುಟ್ಟಿದ್ದಳು.

ಪುಟ್ಟಕ್ಕನ ಕೈ ಒಂದು ಸಲ ತಟ್ಟೆಯ ಕಡೆ ಹೋಗಿತ್ತು. ಅಂಗನವಾಡಿ ಸಹಾಯಕಿಯಾಗಿ ಇಪ್ಪತ್ತು ವರ್ಷ ಗೋಡೆ ಗಡಿಯಾರ ನೋಡಿ ಮಕ್ಕಳಿಗೆ ಬಡಿಸಿದವಳು ಅವಳು. ಕಂಬ ನೋಡಿ ಹೊತ್ತು ಹೇಳುವವಳಿಗೆ ತನ್ನ ಶೀಲದ ನಿಯಮ ಏನು ಗೊತ್ತೀತು ಎಂಬ ಒಂದು ಸಣ್ಣ ಯೋಚನೆ ಅಡ್ಡ ಬಂತು. ಕೈ ಹಿಂದಕ್ಕೆ ಬಂತು.

“ನಾಳೆ ಬೆಳಿಗ್ಗೆ ಎದ್ದೇಟ್ಗೆ ತಿಂತೀನಿ ಅತ್ತೆ. ನಿಮ್ ಮುಂದೇನೇ ಕೂತ್ಕಂಡು ತಿಂತೀನಿ.”

ಚಿಕ್ಕಹನುಮಕ್ಕ ಸೊಸೆಯ ಮುಖವನ್ನು ನೋಡಿದಳು. ಕೋಪ ಮಾಡಿಕೊಂಡಿದ್ದರೆ ಚೆನ್ನಾಗಿತ್ತು.

“ಆಯ್ತು ಬುಡು,” ಎಂದಳು. ತಂಬಿಟ್ಟುಗಳನ್ನು ಒಂದೊಂದಾಗಿ ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ಬುದ್ಧನ ಪಟದ ಕೆಳಗಿನ ಗೂಡಿನಲ್ಲಿ ಇಟ್ಟಳು. ತನ್ನ ದೇವರ ಗೂಡಿನಲ್ಲಿ ಇಡಲಿಲ್ಲ. ಆಮೇಲೆ ಚಪ್ಪರಕ್ಕೆ ಹೋಗಿ ಮಲಗಿದಳು.

ಮಾರನೆ ದಿನ ಬೆಳಕು ಹರಿಯುವಾಗ ಪುಟ್ಟಕ್ಕ ಮುಖ ತೊಳೆದು, ಡಬ್ಬಿ ಹಿಡಿದುಕೊಂಡು ಚಪ್ಪರಕ್ಕೆ ಹೋದಳು. ಅತ್ತೆ ಒಲೆಯ ಪಕ್ಕದಲ್ಲಿ ಒರಗಿದ್ದಳು. ಬಾಯಿ ಒಂದು ಕಡೆಗೆ ವಾಲಿತ್ತು. ಬಲಗೈ ಬೂದಿಯ ಮೇಲೆ ಬಿದ್ದಿತ್ತು. ಬೂದಿ ಇನ್ನೂ ಬೆಚ್ಚಗಿದ್ದರೂ ಕೈ ಎಳೆದುಕೊಂಡಿರಲಿಲ್ಲ.

ಆಸ್ಪತ್ರೆಯಲ್ಲಿ ಲಕ್ವ ಎಂದರು. ಮಾತು ಹೋಗಿದೆ, ಬಲಭಾಗ ಹೋಗಿದೆ, ಜನರ ಗುರುತು ಸಿಕ್ಕುತ್ತದೋ ಇಲ್ಲವೋ ಹೇಳಲಾಗದು ಎಂದರು. ಪುಟ್ಟಕ್ಕ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತೇ ಇದ್ದಳು. ಮೂರನೆ ದಿನ ಗಂಗಾಧರ್ ಮೇಷ್ಟ್ರು ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಂದರು. ಸಿರಾದಲ್ಲಿ ಹುಣ್ಣಿಮೆ ವಂದನೆ ನಡೆಸುವವರು ಅವರೇ. ಕಾಯಿಲೆಯ ವಿಚಾರ ಕೇಳಿದ್ದಾಯಿತು, ಧೈರ್ಯ ಹೇಳಿದ್ದಾಯಿತು. ಆಮೇಲೆ ಸುಮ್ಮನೆ ಕೂರಲಾಗದೆ ಮೊನ್ನೆಯ ವಂದನೆಯ ವಿಷಯ ತೆಗೆದರು. ತುಮಕೂರಿನಿಂದ ಬೌದ್ಧ ಭಿಕ್ಷು ಭಂತೇಜಿ ಬರುವ ಬಸ್ಸು ತಡವಾಯಿತಂತೆ. ಊಟಕ್ಕೆ ಕೂರುವಾಗಲೇ ಹನ್ನೆರಡು ಹೊಡೆದಿತ್ತಂತೆ.

“ಹನ್ನೆರಡಾದ್ಮೇಲೆ ಉಂಡ್ರಾ?” ಎಂದು ಕೇಳಿದಳು ಪುಟ್ಟಕ್ಕ.

“ಉಂಡ್ವಿ ಅಕ್ಕ. ಗಡಿಯಾರದ ಹನ್ನೆರಡಲ್ಲ ಲೆಕ್ಕ, ಸೂರ್ಯ ನೆತ್ತಿಗೆ ಬರೋದು ಲೆಕ್ಕ ಅಂದ್ರು ಭಂತೇಜಿ. ಗಡಿಯಾರ ಇಡೀ ದೇಶಕ್ಕೆ ಒಂದೇ. ನಮ್ಮ ಕಡೆ ಸೂರ್ಯ ನೆತ್ತಿಗೆ ಬರೋ ಹೊತ್ಗೆ ಹನ್ನೆರಡೂವರೆ ಹತ್ರ ಆಗುತ್ತಂತೆ. ಇಷ್ಟು ವರ್ಷ ನಾವೇ ಸುಮ್ನೆ ಹನ್ನೆರಡು ಅಂತ ಹಿಡ್ಕಂಡು ಕೂತಿದ್ವಿ.”

“ಹನ್ನೆರಡು ದಾಟಿ ಹತ್ತು ನಿಮಿಷ ಆಗಿದ್ರೆ?”

“ಧಾರಾಳವಾಗಿ ಉಣ್ಬೋದು. ಇನ್ನೂ ಕಾಲುಗಂಟೆ ಇರುತ್ತೆ,” ಎಂದರು ಮೇಷ್ಟ್ರು. ಬಾಳೆಹಣ್ಣು ಸುಲಿದು ಕೈಗೆ ಕೊಟ್ಟರು. ಅವರು ಹೋದ ಮೇಲೆ ಎಷ್ಟೋ ಹೊತ್ತು ಅದು ಅವಳ ಕೈಯಲ್ಲೇ ಇತ್ತು.

ಸಂಜೆ ಓಬಳರಾಜು ಮಿಲ್ಲಿನಿಂದ ಬಂದಾಗ ನಡೆದದ್ದನ್ನೆಲ್ಲ ಹೇಳಿದಳು. ಹೇಳದೆ ಇರಲಾಗಲಿಲ್ಲ. ಅವನು ಅಮ್ಮನ ಕಾಲು ಒತ್ತುತ್ತಾ ಕೇಳಿಸಿಕೊಂಡ.

“ನೆಳ್ಳು ನೆಟ್ಗಿತ್ತೋ ಇಲ್ವೋ, ಅದ್ನ ಕಟ್ಕಂಡು ಏನಾಗ್ಬೇಕಿತ್ತು. ಒಂದು ಚೂರು ಬಾಯಿಗೆ ಹಾಕ್ಕಂಡಿದ್ರೆ ನಿನ್ ಬುದ್ಧ ಬೈತಿದ್ನೇನೇ?”

“ಅವ್ನು ಯಾರ್ನೂ ಬೈಯಾಕಿಲ್ಲ,” ಎಂದಳು ಪುಟ್ಟಕ್ಕ. “ಅದೇ ಕಷ್ಟ.”

ಹನ್ನೆರಡು ದಿನದ ಮೇಲೆ ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದರು. ಚಪ್ಪರ ಬೇಡವೆಂದು ಜಗಲಿಯ ಮೇಲೇ ಮಂಚ ಹಾಕಿದರು. ಗಂಟಲಿಗೆ ಗಟ್ಟಿ ಪದಾರ್ಥ ಇಳಿಯುತ್ತಿರಲಿಲ್ಲ. ಪುಟ್ಟಕ್ಕ ರಾಗಿ ಗಂಜಿಯನ್ನು ಚಮಚದಲ್ಲಿ ಬಿಟ್ಟರೆ ಅರ್ಧ ಒಳಗೆ ಹೋಗುತ್ತಿತ್ತು, ಅರ್ಧ ಗಲ್ಲದ ಮೇಲೆ ಹರಿಯುತ್ತಿತ್ತು. ಹನ್ನೊಂದು ವರ್ಷವಾದ ಮೇಲೆ ಅತ್ತೆ ತನ್ನ ಕೈಯಡಿಗೆ ಉಣ್ಣುತ್ತಿದ್ದಳು. ಬೇಡವೆನ್ನುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ, ಅಷ್ಟೇ. ಬಲಗಣ್ಣಿನಿಂದ ಸದಾ ನೀರು ಸೋರುತ್ತಿತ್ತು. ನೋಡಲು ಬಂದ ಹೆಂಗಸರು ಮುದುಕಿ ಅಳುತ್ತಿದ್ದಾಳೆ ಎನ್ನುತ್ತಿದ್ದರು. ಅದು ಅಳುವಲ್ಲ, ರೆಪ್ಪೆ ಮುಚ್ಚಲು ಬರುತ್ತಿಲ್ಲವೆಂದು ಪುಟ್ಟಕ್ಕ ಹೇಳಿ ಹೇಳಿ ಸಾಕಾಗಿದ್ದಳು.

ಡಬ್ಬಿ ಮತ್ತೆ ಗೂಡು ಸೇರಿತ್ತು. ಆಸ್ಪತ್ರೆಯ ದಿನಗಳಲ್ಲಿ ಓಬಳರಾಜು ಮನೆಗೆ ಬಂದಾಗ ಹಸಿವಿಗೆ ನಾಲ್ಕು ತಿಂದಿದ್ದ. ಉಳಿದದ್ದು ಒಂದು.

ಶ್ರಾವಣದ ಹುಣ್ಣಿಮೆ ಬಂತು. ಪುಟ್ಟಕ್ಕ ಸಿರಾಕ್ಕೆ ಹೋಗಲಿಲ್ಲ. ಬೆಳಗಿನ ಜಾವ ಸ್ನಾನ ಮಾಡಿ, ಬಿಳಿ ಸೀರೆಯುಟ್ಟು, ಪಟದ ಮುಂದೆ ಶೀಲ ಹೇಳಿಕೊಂಡಳು. ಅತ್ತೆಯ ಮೈ ಒರೆಸಿ, ಗಂಜಿ ಕುಡಿಸಿ, ಬಟ್ಟೆ ಬದಲಿಸಿದಳು. ತಾನು ಏನೂ ಉಣ್ಣಲಿಲ್ಲ. ಮಂಚದ ಪಕ್ಕದಲ್ಲಿ ಚಾಪೆ ಹಾಸಿಕೊಂಡು ಕೂತಳು. ಮೊಬೈಲನ್ನು ಒಳಗೇ ಬಿಟ್ಟು ಬಂದಿದ್ದಳು.

ಕಂಬದ ನೆರಳು ಬೆಳಿಗ್ಗೆ ಬೇಲಿಯ ತನಕ ಉದ್ದಕ್ಕೆ ಮಲಗಿತ್ತು. ಅದು ಅಂಗಳದ ಕಲ್ಲುಗಳನ್ನು ಒಂದೊಂದಾಗಿ ಬಿಟ್ಟು ಹಿಂದಕ್ಕೆ ಬರುತ್ತಿತ್ತು. ಬೀದಿಯಲ್ಲಿ ಕುರಿಮಂದೆ ಹಾದುಹೋಯಿತು. ಅಂಗನವಾಡಿಯಲ್ಲಿ ಮಕ್ಕಳು ಊಟಕ್ಕೆ ಕೂತ ಗದ್ದಲ ಕೇಳಿ, ನಿಂತೂ ಹೋಯಿತು. ಅಲ್ಲಿನ ಗಡಿಯಾರದಲ್ಲಿ ಈಗ ಹನ್ನೆರಡು ಆಗಿ ಹೋಗಿರಬೇಕು. ನೆರಳು ಇನ್ನೂ ಗೇಣುದ್ದ ಇತ್ತು. ಅವತ್ತು ಅತ್ತೆ ತೋರಿಸಿದ್ದ ಕಡೆಗೇ ಇತ್ತು.

ಪುಟ್ಟಕ್ಕ ಡಬ್ಬಿ ತಂದು ಮುಚ್ಚಳ ತೆಗೆದಳು. ತಂಬಿಟ್ಟು ಕಲ್ಲಾಗಿತ್ತು, ಹಲ್ಲಿಗೆ ಬಗ್ಗಲಿಲ್ಲ. ಮಂಚದ ಕೆಳಗೆ ಅತ್ತೆಯ ಎಲೆಯಡಿಕೆ ಕುಟ್ಟಾಣಿ ಇತ್ತು. ಹಲ್ಲು ಹೋದ ಮೇಲೆ ಮುದುಕಿ ಎಲೆಯಡಿಕೆಯನ್ನು ಅದರಲ್ಲೇ ಕುಟ್ಟಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಪುಟ್ಟಕ್ಕ ತಂಬಿಟ್ಟನ್ನು ಅದರೊಳಗೆ ಹಾಕಿ ಕುಟ್ಟಿದಳು. ಆ ಸದ್ದಿಗೆ ಮಂಚದ ಮೇಲಿನ ಎಡಗೈ ಬೆರಳು ಒಮ್ಮೆ ಅಲುಗಿತು. ಇಲ್ಲವೇ ಅಲುಗಿದಂತೆ ಕಂಡಿತು.

ಪುಡಿಯನ್ನು ಅಂಗೈಗೆ ಸುರಿದುಕೊಂಡಳು. ಎಳ್ಳು, ಕೊಬ್ಬರಿ, ಬೆಲ್ಲ, ಎಲ್ಲದಕ್ಕೂ ಸುಣ್ಣ ಅಡಿಕೆಯ ವಾಸನೆ ಹತ್ತಿತ್ತು. ಒಂದೊಂದೇ ಚಿಟಿಕೆ ಬಾಯಿಗೆ ಹಾಕಿಕೊಂಡು ನೆನೆಯಲು ಬಿಟ್ಟು ನುಂಗಿದಳು. ಕೊಬ್ಬರಿ ಕಮಟಾಗಿತ್ತು. ಹಿಟ್ಟು ಗಂಟಲಿಗೆ ಅಂಟಿ ಕಣ್ಣಲ್ಲಿ ನೀರು ಬಂತು. ಚೊಂಬು ಪಕ್ಕದಲ್ಲೇ ಇದ್ದರೂ ಮುಗಿಯುವವರೆಗೆ ಮುಟ್ಟಲಿಲ್ಲ. ಕೊನೆಗೆ ಅಂಗೈಗೆ ಅಂಟಿದ್ದನ್ನೂ ನೆಕ್ಕಿದಳು.

ಆಮೇಲೆ ಎದ್ದು ಮಂಚದ ಮೇಲೆ ಬಾಗಿ, ಅತ್ತೆಯ ಮುಖದ ಹತ್ತಿರಕ್ಕೆ ತನ್ನ ಮುಖ ತಂದಳು.

“ಅತ್ತೆ, ನೋಡಿ,” ಎಂದಳು.

ಬಾಯಿ ದೊಡ್ಡದಾಗಿ ತೆರೆದಳು. ನಾಲಿಗೆ ಎತ್ತಿ ತೋರಿಸಿದಳು.

ಚಿಕ್ಕಹನುಮಕ್ಕನ ಬಲಗಣ್ಣು ತೆರೆದೇ ಇತ್ತು. ಎಂದಿನಂತೆ ನೀರು ಸೋರುತ್ತಿತ್ತು. ಆ ಕಣ್ಣು ಸೊಸೆಯ ಹೆಗಲನ್ನು ದಾಟಿ ಅಂಗಳದ ಕಡೆಗಿತ್ತು. ಪುಟ್ಟಕ್ಕ ಬಾಯಿ ತೆರೆದುಕೊಂಡೇ ಬಹಳ ಹೊತ್ತು ಹಾಗೇ ನಿಂತಿದ್ದಳು. ಅಂಗಳದಲ್ಲಿ ಕಂಬ ತನ್ನ ನೆರಳನ್ನೆಲ್ಲ ಬುಡಕ್ಕೆ ಎಳೆದುಕೊಂಡು ನಿಂತಿತ್ತು. ಮೆಲ್ಲಗೆ ಇನ್ನೊಂದು ಮಗ್ಗುಲಿನಿಂದ, ಹುಲ್ಲುಕಡ್ಡಿಯಷ್ಟು ತೆಳುವಾಗಿ, ಆ ನೆರಳು ಹೊರಗೆ ಬಂತು.